ಟೊಳ್ಳು–ಗಟ್ಟಿಗಳ ಲೆಕ್ಕದಲ್ಲಿ ಸೇರದ ಮಗು

ಟಿ.ಪಿ. ಕೈಲಾಸಂ (1884–1946) ಅವರ ‘ಟೊಳ್ಳುಗಟ್ಟಿ’ ನಾಟಕವನ್ನು ಹವ್ಯಾಸಿ ತಂಡಗಳೂ ಶಾಲೆಗಳೂ ತಲೆಮಾರುಗಳಿಂದ ಆಡುತ್ತ ಬಂದಿವೆ. ಪರೀಕ್ಷೆಯನ್ನೇ ಸರ್ವಸ್ವವೆಂದು ತಿಳಿದ ಪುಟ್ಟು ಟೊಳ್ಳು. ಓದಿನಲ್ಲಿ ಹಿಂದುಳಿದರೂ ಕಷ್ಟಕಾಲಕ್ಕೆ ಆಸರೆಯಾಗುವ ಮಾಧು ಗಟ್ಟಿ. ಅಂಕಪಟ್ಟಿಯ ವ್ಯಾಮೋಹವನ್ನು ಇಷ್ಟು ಲವಲವಿಕೆಯಿಂದ ಬಯಲಿಗೆಳೆದ ಕೃತಿ ನಮ್ಮಲ್ಲಿ ವಿರಳವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಈ ನಾಟಕದಿಂದ ಪ್ರೇಕ್ಷಕರು ಮನೆಗೊಯ್ದ ತೀರ್ಪು ಪರಿಶೀಲನೆಗೆ ಅರ್ಹವಾಗಿದೆ. ಮಾಧುವಿನ ಖಾತೆಯಲ್ಲಿ ಓದಿನ ಬಾಕಿ ಇದೆ. ಸೇವೆಯ ಜಮೆ ಅದನ್ನು ತೀರಿಸುತ್ತದೆ. ಅಂಗಡಿಯ ಲೆಕ್ಕಕ್ಕೆ ಇದು ಸರಿ, ಮಗುವಿಗೆ ಸಲ್ಲದು. ಓದಲೂ ಬಾರದ, ಗದ್ದಲದ ನಡುವೆ ಧಾವಿಸಿ ನೆರವಾಗಲೂ ಆಗದ ಬಾಲಕನು ಯಾವ ಜಮೆಯನ್ನು ತೋರಿಸಬೇಕು?

ಎನ್.ಆರ್. ಕಾಲೋನಿಯಂತಹ ಬಡಾವಣೆಯ ಹಳೆಯ ವಠಾರಗಳಲ್ಲಿ ಈ ಪ್ರಶ್ನೆ ಗೋಡೆಯಾಚೆಗೂ ಕೇಳಿಸುತ್ತಿತ್ತು. ಎಲ್ಲರಿಗೂ ಒಂದೇ ನಲ್ಲಿ, ಒಂದೇ ಅಂಗಳ. 1935ರಲ್ಲಿ ಆರಂಭವಾದ ಆಚಾರ್ಯ ಪಾಠಶಾಲೆಯ ನೆರಳಿನ ಆ ಬೀದಿಗಳಲ್ಲಿ ಯಾರ ಮಗ ಪಾಸು, ಯಾರವನು ಫೇಲು ಎಂಬುದು ಗುಟ್ಟಾಗಿ ಉಳಿಯುವಂತಿರಲಿಲ್ಲ. ಕಾಲು ಸ್ವಾಧೀನವಿಲ್ಲದ ಮಗುವನ್ನು ನೆರೆಯವರು ಎತ್ತಿ ಮೆಟ್ಟಿಲು ದಾಟಿಸುವರು. ಒತ್ತಕ್ಷರ ಕಂಡರೆ ತಬ್ಬಿಬ್ಬಾಗುವ, ‘ವ’ ಮತ್ತು ‘ಮ’ಗಳನ್ನು ಅದಲುಬದಲು ಮಾಡುವ ಮಗುವಿಗೆ ‘ಸೋಮಾರಿ’ ಎಂಬ ಬಿರುದು. ಕುಕ್ಕರಿನ ಸೀಟಿಗೆ ಕಿವಿ ಮುಚ್ಚಿ ಅರಚುವ ಮಗು ‘ಹಠಮಾರಿ’, ಅದರ ತಾಯಿ ಮುದ್ದುಮಾಡಿ ಕೆಡಿಸಿದವಳು. ಒಂದೇ ವಠಾರ, ಒಂದೇ ಜನ. ಕಣ್ಣಿಗೆ ಕಾಣುವ ಊನಕ್ಕೆ ಕರುಣೆ, ಕಾಣದುದಕ್ಕೆ ಶಿಕ್ಷೆ. ಪೆಟ್ಟಿಗಿಂತ ಈ ಮಾತಿನ ಹಿಂಸೆಯೇ ದೀರ್ಘವಾದುದು.

ಕಾನೂನು ಕೂಡ ತಡವಾಗಿಯೇ ಕಣ್ದೆರೆಯಿತು. 1995ರ ಅಂಗವಿಕಲರ ಕಾಯಿದೆಯಲ್ಲಿದ್ದುದು ಏಳು ವರ್ಗಗಳು. ಕಲಿಕಾ ನ್ಯೂನತೆಯಾಗಲಿ ಆಟಿಸಂ ಆಗಲಿ ಅವುಗಳಲ್ಲಿರಲಿಲ್ಲ. 2016ರ ಕಾಯಿದೆ ಆ ಪಟ್ಟಿಯನ್ನು 21ಕ್ಕೆ ವಿಸ್ತರಿಸಿ ಎರಡನ್ನೂ ಸೇರಿಸಿತು. 2018ರ ಕೇಂದ್ರ ಮಾರ್ಗಸೂಚಿಯಂತೆ ಕಲಿಕಾ ನ್ಯೂನತೆಯ ಪ್ರಮಾಣಪತ್ರ ದೊರೆಯುತ್ತಿದ್ದುದು ಎಂಟು ವರ್ಷ ತುಂಬಿದ ಬಳಿಕ. 14 ಮತ್ತು 18ನೆಯ ವಯಸ್ಸಿನಲ್ಲಿ ಮರುಪರೀಕ್ಷೆ ಇತ್ತು. ಪರೀಕ್ಷಾ ಕೊಠಡಿಯಲ್ಲಿ ಹೆಚ್ಚಿನ ಸಮಯವನ್ನು ಈ ಪತ್ರ ಕೊಡಿಸಬಲ್ಲದು. ಅಂಗಳಕ್ಕೆ ಅದರ ಅಧಿಕಾರ ಹಬ್ಬದು. (ವಠಾರವಿದ್ದ ಎಷ್ಟೋ ನಿವೇಶನಗಳಲ್ಲಿ ಈಗ ಅಪಾರ್ಟ್‌ಮೆಂಟುಗಳಿವೆ, ಅಂಗಳದ ಬದಲು ಲಿಫ್ಟು, ನೆರೆಯವರ ಮಾತಿನ ಬದಲು ಸಂಘದ ನೋಟೀಸು.)

ಕೈಲಾಸಂ ಅವರ ಕಾಲಕ್ಕೆ ಈ ತಿಳಿವಳಿಕೆ ಇರಲಿಲ್ಲವಾದ್ದರಿಂದ ಅವರನ್ನು ದೂಷಿಸುವುದು ನ್ಯಾಯವಲ್ಲ. ಇಂದು ನಾಟಕವನ್ನು ಆಡಿಸುವವರ ಮಾತು ಬೇರೆ. ಮಾಧುವಿನ ಪಾತ್ರವನ್ನು ಪುಸ್ತಕ ನೋಡಿ ಬೇಗ ಕಂಠಪಾಠ ಮಾಡುವ ಜಾಣನಿಗೇ ಕೊಡುವುದು ಶಾಲೆಗಳ ರೂಢಿ; ತಡವರಿಸಿ ಓದುವ ಹುಡುಗನಿಗೆ ಪರದೆ ಎಳೆಯುವ ಕೆಲಸ. ಮಾತುಗಳನ್ನು ಕಿವಿಯ ಮೂಲಕ ಕಲಿಸಿದರೆ ಅವನೂ ಮಾಧುವಾಗಬಲ್ಲ. ತಾಲೀಮಿಗೆ ನಾಲ್ಕು ಸಂಜೆ ಹೆಚ್ಚು ಹಿಡಿಯಬಹುದು.