ಕಾರ್ಡ್ ರೋಡಿನ ಪಕ್ಕದಲ್ಲಿದ್ದು ಕಾರ್ಡ್ ಬಾರದವನು

ವೆಸ್ಟ್ ಆಫ್ ಕಾರ್ಡ್ ರೋಡ್ ಅಂತ ಅಡ್ರೆಸ್ ಬರೆಯುವ ಮನೆಯಲ್ಲಿ ಬೆಳೆದವನು ನಾನು. ಮೈಸೂರು ರಸ್ತೆಯನ್ನೂ ತುಮಕೂರು ರಸ್ತೆಯನ್ನೂ ಜೋಡಿಸುವ ಈ ರಸ್ತೆಯ ಕಾರ್ಡ್‌ಗೂ ಗಿಟಾರಿನ ಕಾರ್ಡ್‌ಗೂ ಏನೂ ಸಂಬಂಧವಿಲ್ಲ. ಹೈಸ್ಕೂಲ್ ಗಣಿತದಲ್ಲಿ ಜ್ಯಾ ಅಂತ ಓದಿದ್ದೀವಲ್ಲ, ನಾನು ಆ ಅರ್ಥದಲ್ಲೇ ತಿಳ್ಕೊಂಡಿದ್ದೆ. ಆದರೂ ಮೊದಲ ಸಂಬಳದಲ್ಲಿ ಗಿಟಾರ್ ತಗೊಂಡ ದಿನ ಫ್ರೆಂಡ್ಸೆಲ್ಲ ಹೊಡೆದದ್ದು ಇದೇ ಜೋಕು: 'ಕಾರ್ಡ್ ರೋಡಲ್ಲಿದ್ದು ಕಾರ್ಡ್ ಬರಲ್ಲ ಅಂದ್ರೆ ಹೆಂಗೆ ಗುರೂ?' ನಾನೂ ನಕ್ಕೆ. ಆರು ವರ್ಷ ಆದಮೇಲೆ ಅದು ಅಷ್ಟು ತಮಾಷೆಯಾಗಿ ಕಾಣಲಿಲ್ಲ.

ಆಫೀಸಿನಲ್ಲಿ ಮೂರು ತಿಂಗಳಿಗೊಬ್ಬರಾದರೂ ನನ್ನನ್ನು ಕೇಳ್ತಾರೆ: ಗಿಟಾರ್ ಕಲೀಬೇಕು, ಕ್ಲಾಸಿಗೆ ಸೇರ್ಲಾ, ಯೂಟ್ಯೂಬ್ ಸಾಕಾ? ಮೊದಲೆಲ್ಲ ಯೋಚನೆ ಮಾಡದೆ 'ಯೂಟ್ಯೂಬ್ ಸಾಕು, ದುಡ್ಡು ದಂಡ' ಅಂತಿದ್ದೆ. ಹಾಗೆ ಹೇಳೋದನ್ನು ಒಂದು ನವೆಂಬರಿನಲ್ಲಿ ನಿಲ್ಲಿಸಿದೆ.

ರಾಜ್ಯೋತ್ಸವ ಅಂದ್ರೆ ನಮ್ಮ ಐಟಿ ಕಂಪನಿಗಳಲ್ಲಿ ಏನೇನು ನಡೆಯುತ್ತೆ ಅಂತ ನಿಮಗೇ ಗೊತ್ತು. ಹಳದಿ-ಕೆಂಪು ಶಾಲು, ರಂಗೋಲಿ, ಹೋಳಿಗೆ, ಕೆಫೆಟೇರಿಯಾದಲ್ಲೊಂದು ಸ್ಟೇಜು. ನಮ್ಮ ಟೀಮಿನ ಒಬ್ಬರು ಭಾವಗೀತೆ ಹಾಡ್ತೀನಿ ಅಂದ್ರು. ಸುಗಮ ಸಂಗೀತ ಕಲಿತವರು. ಗಿಟಾರ್ ನಾನು. ಇಬ್ಬರಿಗೂ ಬೇರೆ ಬೇರೆ ಮೀಟಿಂಗು, ಹಾಗಾಗಿ ಜೊತೆಯಲ್ಲಿ ಪ್ರಾಕ್ಟೀಸ್ ಆಗಲಿಲ್ಲ. ನನಗೇನೂ ಭಯವಿರಲಿಲ್ಲ. ಜಿ, ಸಿ, ಡಿ, ಇ ಮೈನರ್. ಈ ನಾಲ್ಕು ಕಾರ್ಡಲ್ಲಿ ಪ್ರಪಂಚದ ಅರ್ಧ ಹಾಡು ಬರುತ್ತೆ ಅಂತ ಆರು ವರ್ಷದಿಂದ ನೋಡಿದ ವಿಡಿಯೋಗಳೆಲ್ಲ ಹೇಳಿದ್ದವು.

ಆ ಹಾಡು ಇದ್ದದ್ದು ದಾದ್ರಾದಲ್ಲಿ. ಆರು ಮಾತ್ರೆ, ಮೂರು ಮೂರರ ನಡೆ. ನಾನು ಹೊಡೆದದ್ದು ಯೂಟ್ಯೂಬಿನ ರಾಷ್ಟ್ರೀಯ ಸ್ಟ್ರಮ್ಮು: ಕೆಳಗೆ, ಕೆಳಗೆ, ಮೇಲೆ, ಮೇಲೆ, ಕೆಳಗೆ, ಮೇಲೆ. ಇದರಲ್ಲೊಂದು ಮೋಸ ಇದೆ. ಎಣಿಸಿ ನೋಡಿದರೆ ಏಟು ಆರು. ಆದರೆ ಅದು ಕೂತಿರುವುದು ನಾಲ್ಕು ಮಾತ್ರೆಯಲ್ಲಿ. ಪ್ರತಿ ಮಾತ್ರೆಯನ್ನು ಎರಡು ಮಾಡಿದರೆ ಸಿಗುವ ಎಂಟು ಜಾಗದಲ್ಲಿ ಆರು ಕಡೆ ಕೈ ತಂತಿಗೆ ತಾಗುತ್ತೆ, ಎರಡು ಕಡೆ ಗಾಳಿಯಲ್ಲಿ ಹೋಗುತ್ತೆ. ನನಗೆ ಆರು ಏಟು ಗೊತ್ತಿತ್ತು, ಗಾಳಿಯ ಎರಡು ಗೊತ್ತಿರಲಿಲ್ಲ. ಪಲ್ಲವಿಯ ಎರಡನೇ ಸಾಲಿಗೇ ಅವರು ನನ್ನ ಕಡೆ ತಿರುಗಿ ನೋಡಿದರು. ಚರಣಕ್ಕೆ ಬರುವಾಗ ಕೈ ಸನ್ನೆ ಮಾಡಿದರು. ಜೋರಾಗಿ ನುಡಿಸು ಅಂತಿದ್ದಾರೆ ಅಂದುಕೊಂಡು ಜೋರು ಮಾಡಿದೆ. ನಿಲ್ಲಿಸು ಅಂತಿದ್ರು. ಕೊನೆಗೆ ಅವರು ಕೈಯಲ್ಲೇ ತಾಳ ಹಾಕ್ಕೊಂಡು ಹಾಡು ಮುಗಿಸಿದರು, ಚಪ್ಪಾಳೆಯೂ ಬಂತು. ನಾನು ಗಿಟಾರ್ ಹಿಡಿದುಕೊಂಡು ರಂಗಪರಿಕರದ ಥರ ನಿಂತಿದ್ದೆ. ಆಮೇಲೆ ಅವರು ಬೈಯಲಿಲ್ಲ. ನಿಜವಾದ ಕುತೂಹಲದಿಂದ ಕೇಳಿದರು: 'ನೀವು ಇಷ್ಟು ವರ್ಷ ಯಾರ ಜೊತೆನೂ ನುಡಿಸೇ ಇಲ್ವಾ?'

ಇಲ್ಲ. ರೂಮಿನ ಬಾಗಿಲು ಹಾಕ್ಕೊಂಡು ನುಡಿಸ್ತಿದ್ದೆ. ಅಲ್ಲಿ ಎಲ್ಲಾ ಸರಿಯಾಗೇ ಕೇಳಿಸ್ತಿತ್ತು.

ಇಷ್ಟು ಹೇಳಿ ವಿಡಿಯೋಗಳನ್ನು ಬೈಯೋದು ಸುಲಭ, ಆದರೆ ಅನ್ಯಾಯ. ಜಸ್ಟಿನ್ ಸ್ಯಾಂಡರ್ಕೋ ಅನ್ನುವ ಮೇಷ್ಟ್ರು 2003ರಿಂದ ನಡೆಸುತ್ತಿರುವ ಜಸ್ಟಿನ್‌ಗಿಟಾರ್ ಪಾಠಗಳನ್ನೇ ತಗೊಳ್ಳಿ. ಪುಕ್ಕಟೆಯಾಗಿ ಅಷ್ಟು ಶಿಸ್ತಿನ ಪಾಠಕ್ರಮ ನಾನು ಬೇರೆ ಯಾವ ವಿದ್ಯೆಯಲ್ಲೂ ನೋಡಿಲ್ಲ. ಅವರದ್ದೊಂದು ಅಭ್ಯಾಸ ಇದೆ: ಒಂದು ನಿಮಿಷ ಟೈಮರ್ ಇಟ್ಟುಕೊಂಡು ಎರಡು ಕಾರ್ಡ್‌ಗಳ ನಡುವೆ ಎಷ್ಟು ಸಲ ಬದಲಾಯಿಸ್ತೀರಿ ಅಂತ ಎಣಿಸೋದು, ದಿನಾ ಬರೆದಿಡೋದು. ನೋಡೋಕೆ ಬೋರು, ಆದರೆ ನಿಮ್ಮ ಕೈ ಬಗ್ಗೆ ಸುಳ್ಳು ಹೇಳದ ಅಪರೂಪದ ಸಾಧನ ಅದು. ಮೆಟ್ರೋನೋಮ್ ಹಾಕ್ಕೊಳ್ಳಿ ಅಂತಲೂ ಅವರು ಮತ್ತೆ ಮತ್ತೆ ಹೇಳ್ತಾರೆ. ನಾನು ಆ ಪಾಠಗಳನ್ನೆಲ್ಲ ನೋಡಿದ್ದೇನೆ. ನೋಡಿದ್ದೇನೆ ಅಂದ್ರೆ, ಹೊಸಹಳ್ಳಿಯಲ್ಲಿ ಮೆಟ್ರೋ ಹತ್ತಿ ವೈಟ್‌ಫೀಲ್ಡ್‌ನಲ್ಲಿ ಇಳಿಯುವವರೆಗೆ, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ನೋಡಿದ್ದೇನೆ. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗ ಪೂರ್ತಿಯಾದ ಮೇಲೆ ನನ್ನ ಗಿಟಾರ್ ಜ್ಞಾನ ವಿಪರೀತ ಬೆಳೆಯಿತು. ಗಿಟಾರ್ ಮಾತ್ರ ಮನೆಯಲ್ಲಿತ್ತು.

ಆದರೆ ಒಳ್ಳೆ ವಿಡಿಯೋಗೂ ಒಂದು ಮಿತಿ ಇದೆ, ಅದು ಕ್ಯಾಮೆರಾದ ಮಿತಿ. ಕ್ಯಾಮೆರಾ ಇರುವುದು ಮುಂದೆ, ಹೆಬ್ಬೆರಳು ಇರುವುದು ಗಿಟಾರಿನ ಕುತ್ತಿಗೆಯ ಹಿಂದೆ. ಕಲಿಯೋರಿಗೆ ಮೊದಲು ಎದುರಾಗುವ ಗೋಡೆ ಎಫ್ ಕಾರ್ಡು: ತೋರುಬೆರಳನ್ನು ಆರೂ ತಂತಿಯ ಮೇಲೆ ಅಡ್ಡ ಮಲಗಿಸಿ ಒತ್ತಬೇಕು. ಅದು ಬರೋದು ಬಿಡೋದು ಹೆಬ್ಬೆರಳು, ಮಣಿಕಟ್ಟು, ಮೊಣಕೈ ಎಲ್ಲಿದೆ ಅನ್ನೋದರ ಮೇಲೆ. ವಿಡಿಯೋದಲ್ಲಿ ಮೇಷ್ಟ್ರ ಬೆರಳು ಕಾಣುತ್ತೆ, ನೀವೂ ಬೆರಳನ್ನೇ ಸರಿ ಮಾಡ್ತೀರಿ. ಅವರು ಒಂದು ಸಲ ಕ್ಯಾಮೆರಾ ಹಿಂದಕ್ಕೆ ತಿರುಗಿಸಿ ಹೆಬ್ಬೆರಳು ತೋರಿಸಿದರೂ, ನಿಮ್ಮ ಹೆಬ್ಬೆರಳನ್ನು ಅವರಿಗೆ ತೋರಿಸುವ ಕ್ಯಾಮೆರಾ ಯಾವುದೂ ಇಲ್ಲ. ನಾನು ಎರಡು ವರ್ಷ ಮಣಿಕಟ್ಟು ನೋಯಿಸಿಕೊಂಡು, 'ನಂದು ಬೆರಳೇ ಸಣ್ಣ' ಅಂತ ತೀರ್ಮಾನ ಮಾಡಿದ್ದೆ.

ಇಲ್ಲಿಗೆ ಬಂದ ತಕ್ಷಣ ಯಾರಾದರೂ ಏಕಲವ್ಯನ ಹೆಸರು ಎತ್ತುತ್ತಾರೆ. ಮಣ್ಣಿನ ದ್ರೋಣನ ಮುಂದೆ ಕಲೀಲಿಲ್ವೇನ್ರೀ? ಕಲಿತ, ನಿಜ. ಆದರೆ ಬಿಲ್ವಿದ್ಯೆಯಲ್ಲಿ ಒಂದು ಅನುಕೂಲ ಇದೆ. ಬಾಣ ಗುರಿಗೆ ತಾಗಿತೋ ಇಲ್ಲವೋ ಅಂತ ಹೇಳೋಕೆ ಗುರು ಬೇಡ, ಮರ ಸಾಕು. ತಪ್ಪಿದ್ದು ಕಣ್ಣಿಗೆ ಕಾಣುತ್ತೆ. ಸಂಗೀತದಲ್ಲಿ ಗುರಿ ಇರುವುದು ಕಿವಿಯಲ್ಲಿ, ಆ ಕಿವಿಯೇ ಇನ್ನೂ ಕಲಿತಿಲ್ಲ. ತಾಳ ತಪ್ಪುವವನಿಗೆ ತಾಳ ತಪ್ಪಿದ್ದು ಕೇಳಿಸಿದ್ದರೆ ಅವನು ತಪ್ಪುತ್ತಲೇ ಇರಲಿಲ್ಲ.

ಹಾಗಾದ್ರೆ ತಾವೇ ಕಲಿತ ದೊಡ್ಡವರು? ರಘು ದೀಕ್ಷಿತ್ ಉದಾಹರಣೆ ಎಲ್ಲರ ಬಾಯಲ್ಲೂ ಇದೆ. ಮೈಸೂರಿನಲ್ಲಿ ಮೈಕ್ರೋಬಯಾಲಜಿ ಓದಿದ ಹುಡುಗ, ಗಿಟಾರನ್ನು ತಾನೇ ಕಲಿತು ಶರೀಫಜ್ಜನ ಪದಗಳನ್ನು ಪ್ರಪಂಚದ ವೇದಿಕೆಗಳಲ್ಲಿ ಹಾಡಿದವರು. ನಮ್ಮ ಪೀಳಿಗೆಯ ಎಷ್ಟೋ ಜನ ಗಿಟಾರ್ ತಗೊಂಡಿದ್ದೇ ಅವರನ್ನು ನೋಡಿ. ಆದರೆ ಆ ಕಥೆ ಹೇಳುವವರು ಅರ್ಧ ಮಾತ್ರ ಹೇಳ್ತಾರೆ. ಗಿಟಾರ್ ಹಿಡಿಯುವ ಮೊದಲು ಅವರು ಭರತನಾಟ್ಯ ಕಲಿತವರು. ಅಂದ್ರೆ ಲಯ ಅನ್ನುವುದು ಕಾಲಿನಲ್ಲಿ, ಮೈಯಲ್ಲಿ ಮೊದಲೇ ಕೂತಿತ್ತು. ಗಿಟಾರಿಗೆ ಗುರು ಇರಲಿಲ್ಲ, ಲಯಕ್ಕೆ ಇದ್ದರು. ಮೈಯಲ್ಲಿ ಏನೂ ಇಲ್ಲದೆ ನೇರ ತಂತಿಗೆ ಕೈ ಹಾಕಿದ ನನಗೂ ಅವರಿಗೂ 'ಸೆಲ್ಫ್ ಟಾಟ್' ಅನ್ನುವ ಒಂದೇ ಲೇಬಲ್ ಹಚ್ಚೋದು ತಮಾಷೆ.

ಇದಕ್ಕಿಂತ ನನಗೆ ಹೆಚ್ಚು ಕಾಡಿದ್ದು ಕದ್ರಿ ಗೋಪಾಲನಾಥರ ಕಥೆ. ಬಂಟ್ವಾಳದ ಸಜೀಪಮೂಡದವರು, ಅಪ್ಪ ನಾಗಸ್ವರ ನುಡಿಸುತ್ತಿದ್ದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದರು. ಅದರಲ್ಲಿ ಕರ್ನಾಟಕ ಸಂಗೀತ ಹೇಳಿಕೊಡೋಕೆ ಯಾರಿದ್ದರು? ಆದರೂ ಅವರು ರೂಮಿನ ಬಾಗಿಲು ಹಾಕ್ಕೊಳ್ಳಲಿಲ್ಲ. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಬಳಿ ಸಂಗೀತ ಕಲಿತರು, ಮುಂದೆ ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಬಳಿ. ವಾದ್ಯದ ಕೀಲಿ, ಬೆರಳು, ಉಸಿರು ಅವರದೇ ಹುಡುಕಾಟ. ರಾಗ, ತಾಳ, ಕೃತಿ ಗುರುಗಳಿಂದ. ಮ್ಯಾಂಡೊಲಿನ್ ಶ್ರೀನಿವಾಸ್ ಕಥೆಯೂ ಹೀಗೇ: ಅವರ ಗುರು ಸುಬ್ಬರಾಜು ಹಾಡುಗಾರಿಕೆಯವರು, ಮ್ಯಾಂಡೊಲಿನ್ ಅವರ ವಾದ್ಯವಲ್ಲ. ಅವರು ಹಾಡೋದು, ಹುಡುಗ ತಂತಿಯ ಮೇಲೆ ಅದನ್ನು ಹುಡುಕೋದು. ಹುಡುಕಿದ್ದು ಸರಿಯೋ ತಪ್ಪೋ ಅಂತ ಹೇಳೋಕೆ ಎದುರಿಗೆ ಒಂದು ಕಲಿತ ಕಿವಿ ಇತ್ತು. 'ನಾನೇ ಕಲೀತೀನಿ' ಮತ್ತು 'ಕ್ಲಾಸಿಗೆ ಹೋಗ್ತೀನಿ' ಎರಡೂ ಒಂದೇ ಕೋಣೆಯಲ್ಲಿ ನಡೀತಿತ್ತು.

ಸರಿ, ನಮ್ಮ ಏರಿಯಾದ ಕ್ಲಾಸುಗಳಲ್ಲಿ ಆ ಕಿವಿ ಸಿಗುತ್ತಾ? ಆ ನವೆಂಬರ್ ಆದಮೇಲೆ ಅವಮಾನ ನುಂಗಿಕೊಂಡು ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದಲ್ಲಿ ನಾಲ್ಕು ಕಡೆ ಟ್ರಯಲ್ ಕ್ಲಾಸಿಗೆ ಹೋದೆ. ಬೋರ್ಡುಗಳು ಗೊತ್ತಲ್ಲ: ಕೀಬೋರ್ಡ್, ಗಿಟಾರ್, ಜುಂಬಾ, ಅಬ್ಯಾಕಸ್, ಎಲ್ಲಾ ಒಂದೇ ಮೆಟ್ಟಿಲು ಹತ್ತಿದರೆ. ಒಂದು ಕಡೆ ಏಳು ಮಕ್ಕಳು, ಒಬ್ಬ ಮೇಷ್ಟ್ರು, ನಲವತ್ತೈದು ನಿಮಿಷ. ಅದರಲ್ಲಿ ಮೊದಲ ಹದಿನೈದು ನಿಮಿಷ ಮೇಷ್ಟ್ರು ಏಳೂ ಗಿಟಾರುಗಳ ಶ್ರುತಿ ಮಾಡಿದರು. ಮಕ್ಕಳು ಫೋನ್ ನೋಡ್ತಾ ಕೂತಿದ್ದರು. ಶ್ರುತಿ ಮಾಡೋದೇ ಮೊದಲ ಪಾಠ ಆಗಬೇಕಿತ್ತು. ಅದನ್ನೇ ಮೇಷ್ಟ್ರು ಸೇವೆ ಅಂತ ಮಾಡಿಕೊಡ್ತಿದ್ದಾರೆ. ಉಳಿದ ಅರ್ಧ ಗಂಟೆ ಗ್ರೇಡ್ ಪರೀಕ್ಷೆಯ ಹಾಡು.

ಗ್ರೇಡ್ ಪರೀಕ್ಷೆ ಕೆಟ್ಟದ್ದಲ್ಲ. ಟ್ರಿನಿಟಿ ಕಾಲೇಜ್ ಲಂಡನ್‌ನ ರಾಕ್ ಅಂಡ್ ಪಾಪ್ ಪರೀಕ್ಷೆಯಲ್ಲಿ ಮೂರು ಹಾಡುಗಳ ಜೊತೆಗೆ ಸೆಷನ್ ಸ್ಕಿಲ್ಸ್ ಅಂತ ಒಂದು ಭಾಗ ಇದೆ. ಕೇಳಿಸಿದ್ದನ್ನು ತಿರುಗಿ ನುಡಿಸಬೇಕು, ಇಲ್ಲವೇ ಅಲ್ಲೇ ಸ್ವಂತವಾಗಿ ಕಟ್ಟಿ ನುಡಿಸಬೇಕು. ಪರೀಕ್ಷೆ ಮಾಡಿದವರಿಗೆ ಕಿವಿಯ ಮಹತ್ವ ಗೊತ್ತಿದೆ. ನಾನು ನೋಡಿದ ಕ್ಲಾಸಿನಲ್ಲಿ ಮಾತ್ರ ವರ್ಷಪೂರ್ತಿ ಆ ಮೂರು ಹಾಡನ್ನೇ ಅರೆಯುತ್ತಿದ್ದರು. ಸರ್ಟಿಫಿಕೇಟ್ ಫೋಟೋ ಅಪ್ಪ-ಅಮ್ಮನ ವಾಟ್ಸಾಪ್ ಸ್ಟೇಟಸ್ಸಿಗೆ ಹೋಗುತ್ತೆ, ಹುಡುಗನಿಗೆ ನಾಲ್ಕನೇ ಹಾಡು ಬರಲ್ಲ. ಇಂಥ ಕ್ಲಾಸಿಗೆ ತಿಂಗಳಿಗೆ ಎರಡೂವರೆ ಸಾವಿರ ಕೊಡುವ ಬದಲು ಮನೆಯಲ್ಲಿ ಜಸ್ಟಿನ್ ಹಾಕ್ಕೊಂಡು ಕೂರಿ ಅಂತಲೇ ಹೇಳ್ತೀನಿ.

ವಿಚಿತ್ರ ಅಂದ್ರೆ ಅದೇ ಬಿಲ್ಡಿಂಗಿನ ಕೆಳಗಿನ ಮನೆಯಲ್ಲಿ ಒಬ್ಬರು ಮಕ್ಕಳಿಗೆ ಸರಳೆ ವರಸೆ ಹೇಳಿಕೊಡ್ತಿದ್ದರು. ಪುರಂದರದಾಸರು ಹಾಕಿಕೊಟ್ಟ ಕ್ರಮ ಅಂತ ಸಂಪ್ರದಾಯ ಹೇಳುವ ಆ ಪಾಠದಲ್ಲಿ ಹಾಡೇ ಇಲ್ಲ. ಅವೇ ಸ್ವರಗಳು, ಮಾಯಾಮಾಳವಗೌಳ, ಕೈಯಲ್ಲಿ ತಾಳ. ಮೊದಲ ಕಾಲ, ಎರಡನೇ ಕಾಲ, ಮೂರನೇ ಕಾಲ. ತಾಳ ಹಾಗೇ ಇರುತ್ತೆ, ಸ್ವರ ಮಾತ್ರ ದುಪ್ಪಟ್ಟಾಗುತ್ತಾ ಹೋಗುತ್ತೆ. ಚಿಕ್ಕಂದಿನಲ್ಲಿ ಅಕ್ಕ ಇದನ್ನು ಹೇಳುವಾಗ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಈಗ ಮೆಟ್ಟಿಲ ಮೇಲೆ ನಿಂತು ಐದು ನಿಮಿಷ ಕೇಳಿದೆ. ಮೆಟ್ರೋನೋಮ್ ಆ್ಯಪಿಗೆ ದುಡ್ಡು ಕೊಟ್ಟಿದ್ದು ನೆನಪಾಯ್ತು.

ಕೊನೆಗೆ ನನಗೆ ಸಿಕ್ಕಿದವರು ಬೋರ್ಡೇ ಇಲ್ಲದವರು. ಹಿಂದೆ ಗಣೇಶೋತ್ಸವ, ರಾಜ್ಯೋತ್ಸವದ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸಿದವರು, ಈಗ ವಿಜಯನಗರದ ತಮ್ಮ ಮನೆಯಲ್ಲಿ ಮೂರ್ನಾಲ್ಕು ಜನಕ್ಕೆ ಹೇಳಿಕೊಡ್ತಾರೆ. ಮೊದಲ ದಿನ 'ಏನಾದ್ರೂ ನುಡಿಸಿ' ಅಂದ್ರು. ನುಡಿಸಿದೆ. ನನ್ನ ಗಿಟಾರ್ ಇಸ್ಕೊಂಡು ತಾವೇ ಎಫ್ ಹಿಡಿದು ಮುಖ ಹಿಂಡಿದರು. ಆಮೇಲೆ ಮೊದಲ ಫ್ರೆಟ್ಟಿಗೆ ಕೇಪೋ ಹಾಕಿ, ಅದೇ ಆಕಾರವನ್ನು ಒಂದು ಫ್ರೆಟ್ ಮೇಲೆ ಹಿಡೀರಿ ಅಂದ್ರು. ಸಲೀಸಾಗಿ ಬಂತು. ತಂತಿ ಹಾದುಹೋಗುವ ನಟ್ಟಿನ ಗಾಡಿಗಳು ಆಳ ಸಾಲದೆ, ತಂತಿ ಅಲ್ಲಿ ಎತ್ತರದಲ್ಲಿ ನಿಂತಿತ್ತು. ಹಾಗಾಗಿ ಕುತ್ತಿಗೆಯ ತುದಿಯ ಕಾರ್ಡ್ ಯಾರು ಹಿಡಿದರೂ ಕಷ್ಟ. ರಿಪೇರಿಯವರು ಅರೆದು ಸರಿ ಮಾಡಿದ್ದು ಅರ್ಧ ಗಂಟೆಯಲ್ಲಿ. ಎರಡು ವರ್ಷ ನನ್ನ ಬೆರಳಿಗೆ ಹಾಕಿದ ಅಪವಾದದಲ್ಲಿ ಅರ್ಧ ಮರದ್ದು, ಉಳಿದರ್ಧ ಹೆಬ್ಬೆರಳಿನದು. ಅದನ್ನೂ ಅವರು ಪೆನ್ಸಿಲ್‌ನಿಂದ ತಟ್ಟಿ ಕೆಳಗಿಳಿಸಿದರು.

ಮುಂದಿನ ಮೂರು ವಾರ ಗಿಟಾರ್ ಮುಟ್ಟಿದ್ದೇ ಕಡಿಮೆ. ಅವರು ನುಡಿಸೋದು, ನಾನು ಚಪ್ಪಾಳೆ ತಟ್ಟೋದು. ಮೂವತ್ತೊಂದು ವರ್ಷದ ಗಂಡಸು, ಟೀಮ್ ಲೀಡು, ಎದುರಿಗೆ ಅವರ ಮೊಮ್ಮಗಳು ಬಾಯಿ ಮುಚ್ಚಿಕೊಂಡು ನಗ್ತಾ ಇರೋದು. ಇದಕ್ಕಿಂತ ಮೆಟ್ರೋದಲ್ಲಿ ವಿಡಿಯೋ ನೋಡೋದೇ ವಾಸಿ ಅನ್ನಿಸಿದ್ದು ಸುಳ್ಳಲ್ಲ. ಗಂಡಸರು, ಅದರಲ್ಲೂ ಕೆಲಸದಲ್ಲಿ ಸ್ವಲ್ಪ ಮೇಲೆ ಬಂದವರು, ಯೂಟ್ಯೂಬನ್ನು ಆರಿಸಿಕೊಳ್ಳೋದು ದುಡ್ಡು ಉಳಿಸೋಕಲ್ಲ ಅಂತ ನನ್ನ ಅನುಮಾನ. ಇನ್ನೊಬ್ಬರ ಮುಂದೆ ಕೆಟ್ಟದಾಗಿ ನುಡಿಸೋದನ್ನು ತಪ್ಪಿಸಿಕೊಳ್ಳೋಕೆ.

ಈ ಮೇಷ್ಟ್ರಿಗೂ ಎಲ್ಲಾ ಬರಲ್ಲ. ಟ್ಯಾಬ್ ಓದಲ್ಲ. ಫಿಂಗರ್‌ಸ್ಟೈಲ್ ಅಂದ್ರೆ 'ಅದೆಲ್ಲ ಕಚಗುಳಿ' ಅಂತಾರೆ. ಅದಕ್ಕೆ ನಾನು ಮತ್ತೆ ವಿಡಿಯೋಗೇ ಹೋಗ್ತೀನಿ, ಈಗ ಹೋದರೆ ಬೇಗ ಬರುತ್ತೆ ಕೂಡ. ಯಾವುದು ತಪ್ಪಿತು ಅಂತ ಕೇಳಿಸೋಕೆ ಶುರುವಾಗಿದೆಯಲ್ಲ. ಆದ್ದರಿಂದ ಆಫೀಸಿನಲ್ಲಿ ಈಗ ಯಾರಾದ್ರೂ ಕೇಳಿದರೆ ನನ್ನ ಉತ್ತರ ಸ್ವಲ್ಪ ಉದ್ದ: ಎರಡು ತಿಂಗಳು ವಿಡಿಯೋ ನೋಡಿ ಬೆರಳು ಗಟ್ಟಿ ಮಾಡ್ಕೊಳ್ಳಿ, ಆಮೇಲೆ ವಾರಕ್ಕೊಂದು ಸಲ ಎದುರಿಗೆ ಕೂತು ನಿಮ್ಮ ಜೊತೆ ನುಡಿಸುವ ಒಬ್ಬರನ್ನು ಹುಡುಕಿ. ಗಿಟಾರಿನವರೇ ಆಗಬೇಕಿಲ್ಲ, ತಬಲಾದವರಾದರೂ ಸರಿ. ಮೊದಲ ದಿನ ನಿಮ್ಮಿಂದ ನುಡಿಸಿ ಕೇಳದೆ ಫೀಸಿನ ಪ್ಯಾಕೇಜ್ ಹೇಳುವ ಕ್ಲಾಸಾದರೆ, ಚಪ್ಪಲಿ ಹಾಕ್ಕೊಂಡು ಬನ್ನಿ.

ಈ ಸಲದ ರಾಜ್ಯೋತ್ಸವಕ್ಕೆ ಅವರು ಮತ್ತೆ ಹಾಡ್ತಿದ್ದಾರೆ. ಗಿಟಾರ್ ಯಾರು ಅಂತ ಮೇಲ್ ಬಂದಾಗ ಎರಡು ದಿನ ಸುಮ್ಮನಿದ್ದು, ಮೂರನೇ ದಿನ ನನ್ನ ಹೆಸರು ಕೊಟ್ಟೆ. ಅವರಿಂದ ಒಂದೇ ಸಾಲಿನ ಉತ್ತರ ಬಂತು: ಈ ಸಲ ಪ್ರಾಕ್ಟೀಸ್ ಇದ್ದರೆ ಮಾತ್ರ. ಮಂಗಳವಾರ ಸಂಜೆ ಐದೂವರೆಗೆ ಒಂದು ಮೀಟಿಂಗ್ ರೂಮ್ ಬುಕ್ ಮಾಡಿದ್ದೇನೆ. ಅಲ್ಲಿಯವರೆಗೆ ಹೊಸಹಳ್ಳಿಯಿಂದ ವೈಟ್‌ಫೀಲ್ಡ್‌ವರೆಗೆ ಇಯರ್‌ಫೋನ್ ಇಲ್ಲದೆ ತೊಡೆಯ ಮೇಲೆ ಬೆರಳು ತಟ್ಟಿಕೊಂಡು ಹೋಗ್ತಿದ್ದೇನೆ: ಧಾ ಧಿ ನಾ, ಧಾ ತಿ ನಾ. ನಿನ್ನೆ ಪಕ್ಕದಲ್ಲಿ ಕೂತಿದ್ದವರು ಎದ್ದು ಬೇರೆ ಸೀಟಿಗೆ ಹೋದರು.