ಜೋಡಿಸುವುದಷ್ಟೇ ಕೆಲಸವೇ?

ಇಂಗ್ಲಿಷ್ ಗ್ರಾಮರ್ ಎಂದರೆ ನಮ್ಮಲ್ಲಿ ಇವತ್ತಿಗೂ ‘ರೆನ್ ಅಂಡ್ ಮಾರ್ಟಿನ್’. ಮುಂಬಯಿ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿದ್ದ ಪಿ.ಸಿ. ರೆನ್ ಅವರನ್ನು ಹೊರಜಗತ್ತು 1924ರ ‘ಬೋ ಜೆಸ್ಟ್’ ಕಾದಂಬರಿಯಿಂದ ಬಲ್ಲದು. ನಮಗೆ ಅವರು ವ್ಯಾಕರಣದ ಮೇಷ್ಟ್ರು. 1930ರ ದಶಕದ ಈ ಪುಸ್ತಕ ಎನ್.ಡಿ.ವಿ. ಪ್ರಸಾದ ರಾವ್ ಅವರ ಪರಿಷ್ಕರಣೆಯೊಂದಿಗೆ ಎಸ್. ಚಾಂದ್ ಪ್ರಕಾಶನದಿಂದ ಈಗಲೂ ಹೊರಬರುತ್ತಿದೆ. ಅದರ ಗುಣವೂ ಮಿತಿಯೂ ಒಟ್ಟಿಗೇ ಕಾಣುವುದು ಕಂಜಂಕ್ಷನ್ ಅಧ್ಯಾಯದಲ್ಲಿ.

ಮೊದಲು ಗುಣ. ಅಧ್ಯಾಯದ ವಿಂಗಡಣೆ ಅಚ್ಚುಕಟ್ಟು. ಸಮಾನ ವಾಕ್ಯಗಳನ್ನು ಕೂಡಿಸುವವು ಒಂದು ಕಡೆ, ಒಂದು ವಾಕ್ಯವನ್ನು ಇನ್ನೊಂದಕ್ಕೆ ಅಧೀನಗೊಳಿಸುವವು ಇನ್ನೊಂದು ಕಡೆ. ಎರಡನೆಯ ಗುಂಪನ್ನು ಕಾಲ, ಕಾರಣ, ಉದ್ದೇಶ, ಪರಿಣಾಮ, ಷರತ್ತು ಎಂದು ಅರ್ಥಾನುಸಾರ ಬಿಡಿಸಿರುವುದು ನಿಜಕ್ಕೂ ಉಪಕಾರ. ‘ಬಿಫೋರ್’ ಒಂದು ಕಡೆ ಪ್ರಿಪೊಸಿಷನ್, ಇನ್ನೊಂದು ಕಡೆ ಕಂಜಂಕ್ಷನ್ ಆಗುವುದನ್ನು ಅದು ಉದಾಹರಣೆ ಕೊಟ್ಟು ತೋರಿಸುತ್ತದೆ. ಗೈಡ್‌ಗಳು ಉರು ಹೊಡೆಸುವ ಪಟ್ಟಿಗಳಿಗೆ ಹೋಲಿಸಿದರೆ ಇಲ್ಲಿ ತರ್ಕವಿದೆ.

ತೊಡಕು ಶುರುವಾಗುವುದು ವ್ಯಾಖ್ಯೆಯಲ್ಲಿ. ಕಂಜಂಕ್ಷನ್ನಿನ ಕೆಲಸ ಜೋಡಿಸುವುದಷ್ಟೇ ಎಂದು ಪುಸ್ತಕ ಹೇಳುತ್ತದೆ. ‘ಅವಳು ಹಳ್ಳಿಯಿಂದ ಬಂದವಳು’, ‘ಅವಳ ಇಂಗ್ಲಿಷ್ ಚೆನ್ನಾಗಿದೆ’ ಎಂಬ ಅರ್ಥದ ಎರಡು ಇಂಗ್ಲಿಷ್ ವಾಕ್ಯಗಳನ್ನು ತೆಗೆದುಕೊಳ್ಳಿ. ನಡುವೆ ‘ಅಂಡ್’ ಹಾಕಿದರೆ ಎರಡು ಸಂಗತಿ ಹೇಳಿದಂತಾಯಿತು. ‘ಬಟ್’ ಹಾಕಿದರೆ ಹಳ್ಳಿಯವರಿಗೆ ಇಂಗ್ಲಿಷ್ ಬರುವುದಿಲ್ಲವೆಂಬ ನಮ್ಮ ಪೂರ್ವಗ್ರಹವೂ ಹೊರಬಿತ್ತು. ಎರಡೂ ವ್ಯಾಕರಣಶುದ್ಧವೇ. ಬದಲಾದದ್ದು ಹೇಳುವವರ ನಿಲುವು. ಹೀಗಿರುವಾಗ, ಎರಡು ವಾಕ್ಯ ಕೊಟ್ಟು ತಕ್ಕ ಕಂಜಂಕ್ಷನ್ನಿನಿಂದ ಕೂಡಿಸಿ ಎನ್ನುವ ಅಭ್ಯಾಸ, ಸರಿಯುತ್ತರ ಒಂದೇ ಎಂಬ ಭ್ರಮೆ ಹುಟ್ಟಿಸುತ್ತದೆ. ನಮ್ಮ ದ್ವಿತೀಯ ಪಿಯುಸಿ ಪ್ರಶ್ನೆಪತ್ರಿಕೆಯ ‘ಲಿಂಕರ್ಸ್’ ಪ್ರಶ್ನೆಯೂ ಇದೇ ಜಾಡಿನದು. ಕೊಟ್ಟ ಪದಗಳನ್ನು ಖಾಲಿ ಜಾಗಗಳಿಗೆ ಹಂಚಿದರೆ ಅಂಕ ಬರುತ್ತದೆ. ಆ ಪದವೇ ಏಕೆ ಎಂದು ಯಾರೂ ಕೇಳುವುದಿಲ್ಲ.

ಕನ್ನಡ ಮಾಧ್ಯಮದ ಮಕ್ಕಳಿಗೆ ಇನ್ನೊಂದು ಕಷ್ಟವಿದೆ. ಕನ್ನಡದಲ್ಲಿ ಈ ಸಂಬಂಧಗಳನ್ನು ಹೆಚ್ಚಾಗಿ ಹೊರುವುದು ಕ್ರಿಯಾಪದದ ಬಾಲ: ಬಂದರೆ, ಬಂದರೂ, ಬಂದಾಗ, ಬಂದುದರಿಂದ. ‘ಓದದಿದ್ದರೆ’ ಎಂಬ ಒಂದೇ ಪದದಲ್ಲಿ ನಿಷೇಧವೂ ಷರತ್ತೂ ಕೂಡಿಕೊಂಡಿವೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡ ಹುಡುಗ ಇಂಗ್ಲಿಷಿನಲ್ಲಿ ‘ಅನ್‌ಲೆಸ್ ಯು ಡೋಂಟ್ ಸ್ಟಡಿ’ ಎನ್ನುತ್ತಾನೆ, ‘ಅನ್‌ಲೆಸ್’ ಒಳಗೇ ‘ಇಲ್ಲ’ ಅಡಗಿದೆಯೆಂದು ಅವನಿಗೆ ಯಾರೂ ಹೇಳಿಲ್ಲ. ‘ಆಲ್ದೋ’ ಎಂದು ಶುರುಮಾಡಿ ನಡುವೆ ಮತ್ತೆ ‘ಬಟ್’ ಸೇರಿಸುವುದಕ್ಕೂ ಇಂಥದೇ ಕಾರಣವಿರಬೇಕು: ‘ಬಂದರೂ’ ಎಂಬುದನ್ನು ಎರಡು ಮಾತುಗಳು ಸೇರುವ ಜಾಗದಲ್ಲಿ ಕೇಳಿ ಅಭ್ಯಾಸವಾದ ಕಿವಿಗೆ ಆ ಜಾಗ ಬರಿದಾಗಿ ಕೇಳುತ್ತದೆ. ಎಲ್ಲ ಭಾಷೆಯ ಮಕ್ಕಳಿಗೂ ಬರೆದ ಪುಸ್ತಕ ಇದನ್ನು ವಿವರಿಸಲಿಲ್ಲ ಎಂದು ದೂರಲಾಗದು. ಆದರೆ ತರಗತಿಯಲ್ಲಿ ಕನ್ನಡ ಬಲ್ಲ ಮೇಷ್ಟ್ರು ನಿಂತಿದ್ದಾರಲ್ಲ, ಅವರು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಸುಮ್ಮನಾಗುವುದು ಏಕೆ?

ಮೂರನೆಯ ಕೊರತೆ ಪ್ರಮಾಣದ್ದು. ‘ಲೆಸ್ಟ್’, ‘ಸ್ಕೇರ್ಸ್‌ಲಿ–ವೆನ್’, ‘ನೋ ಸೂನರ್–ದ್ಯಾನ್’ ಪರೀಕ್ಷೆಯ ಮುದ್ದಿನ ಕೂಸುಗಳು. ಮಾತಿನಲ್ಲಿ ಇವು ಕಿವಿಗೆ ಬೀಳುವುದೇ ಅಪರೂಪ. ‘ಥೋ–ಯೆಟ್’ ಜೋಡಿಯೂ ಇಂದಿನ ಬರವಣಿಗೆಯಲ್ಲಿ ವಿರಳ. ದಿನವೂ ಬೇಕಾಗುವ ‘ಸೋ’, ‘ಬಿಕಾಸ್’, ‘ಇಫ್’ಗಳಿಗೆ ಸಿಗುವ ಸಮಯ ಮಾತ್ರ ಕಡಿಮೆ.

ಎಲ್ಲಕ್ಕಿಂತ ದೊಡ್ಡ ಮಿತಿಯೆಂದರೆ ಈ ಅಧ್ಯಾಯದ ಕಂಜಂಕ್ಷನ್ ಪೂರ್ಣವಿರಾಮದ ಬಳಿ ನಿಂತುಬಿಡುತ್ತದೆ. ಭಾಷಾವಿಜ್ಞಾನಿಗಳಾದ ಹ್ಯಾಲಿಡೇ ಮತ್ತು ರುಕಯ್ಯಾ ಹಸನ್ 1976ರ ತಮ್ಮ ‘ಕೊಹೀಶನ್ ಇನ್ ಇಂಗ್ಲಿಷ್’ ಗ್ರಂಥದಲ್ಲಿ ಸೇರಿಕೆ, ವಿರೋಧ, ಕಾರಣ, ಕಾಲ ಎಂಬ ಸಂಬಂಧಗಳು ವಾಕ್ಯದಿಂದ ವಾಕ್ಯಕ್ಕೆ ದಾಟಿ ಇಡೀ ಬರಹವನ್ನು ಹಿಡಿದಿಡುವುದನ್ನು ತೋರಿಸಿದರು. ಬಿಡಿ ವಾಕ್ಯಗಳನ್ನು ತಪ್ಪಿಲ್ಲದೆ ಬರೆಯುವ ವಿದ್ಯಾರ್ಥಿ ಒಂದು ಪುಟದ ಪ್ರಬಂಧದಲ್ಲಿ ಮುಗ್ಗರಿಸುವುದು ಇಲ್ಲೇ: ವಾಕ್ಯಗಳಿವೆ, ವಾದವಿಲ್ಲ.

ಹಾಗೆಂದು ರೆನ್ ಅಂಡ್ ಮಾರ್ಟಿನ್ ಅನ್ನು ಅಟ್ಟಕ್ಕೆ ಹಾಕಬೇಕಿಲ್ಲ. ಸಂದೇಹ ಬಂದಾಗ ತೆರೆದು ನೋಡಲು ಅದು ಒಳ್ಳೆಯ ಆಕರ. ಪಾಠಕ್ರಮವಾಗಿ ಮಾತ್ರ ಸಾಲದು. ಅದರ ಅಭ್ಯಾಸಗಳನ್ನೇ ತುಸು ತಿರುಗಿಸಿದರೂ ಸಾಕು. ಅದೇ ಎರಡು ವಾಕ್ಯಗಳನ್ನು ಮೂರು ಬಗೆಯಲ್ಲಿ ಕೂಡಿಸಿ, ಪ್ರತಿ ಸಲ ಅರ್ಥ ಹೇಗೆ ಬದಲಾಯಿತೆಂದು ಕನ್ನಡದಲ್ಲೇ ವಿವರಿಸಿ ಎಂದು ಕೇಳಲಿ. ಅಂಕವನ್ನು ಆ ವಿವರಣೆಗೆ ಕೊಡಲಿ.