ಅನ್ನ ಬಿಟ್ಟ ತಟ್ಟೆಯಲ್ಲಿ ಪಲ್ಯದ ಪಾಡು

ಲೋ ಕಾರ್ಬ್ ಊಟ ಹಿಡಿದವರು ಕೆಲವೇ ವಾರಗಳಲ್ಲಿ ಅದನ್ನು ಬಿಟ್ಟರೆ, ಅನ್ನದ ಆಸೆ ತಡೆಯಲಾಗಲಿಲ್ಲ ಎಂದು ಸುತ್ತಲಿನವರು ತೀರ್ಮಾನಿಸಿಬಿಡುತ್ತಾರೆ. ತರಕಾರಿ ಸೇರದವರ ಮಟ್ಟಿಗೆ ಇದು ಸರಿಯಾದ ತೀರ್ಮಾನ ಅಲ್ಲ. ಅವರು ಅನ್ನ ಬಿಡಬಲ್ಲರು, ಸಕ್ಕರೆ ಬಿಡಬಲ್ಲರು, ಇಡ್ಲಿ ದೋಸೆಯನ್ನೂ ದೂರ ಇಡಬಲ್ಲರು. ಅನ್ನ ಇದ್ದ ಜಾಗಕ್ಕೆ ಬೇಯಿಸಿದ ಬೀನ್ಸು, ಕೋಸು, ಬ್ರಾಕಲಿ ತುಂಬಿದ ದೊಡ್ಡ ಬಟ್ಟಲು ಬಂದು ಕೂತಾಗ ಅವರ ಗಂಟಲು ಮುಚ್ಚಿಕೊಳ್ಳುತ್ತದೆ. ಈ ಪದ್ಧತಿಯ ಪುಸ್ತಕ, ವಿಡಿಯೊ, ಕ್ಲಿನಿಕ್ಕಿನ ಡಯಟ್ ಚಾರ್ಟು ಎಲ್ಲವೂ ಧಾನ್ಯ ತೆಗೆದ ಜಾಗವನ್ನು ತರಕಾರಿಯಿಂದಲೇ ತುಂಬಿಸುತ್ತವೆ. ತರಕಾರಿ ಇಷ್ಟಪಡುವವರಿಗೆ ಅದು ಸಲೀಸು. ಇಷ್ಟಪಡದವರಿಗೆ ಆ ಏರ್ಪಾಡೇ ಸೋಲಿನ ಮೂಲ. ನನ್ನ ತಕರಾರು ಇರುವುದು ಈ ಏರ್ಪಾಡಿನ ಮೇಲೆ. ಪಿಷ್ಟ ಕಡಿಮೆ ಮಾಡಬೇಕೆಂಬ ಮಾತಿನ ಮೇಲೆ ಅಲ್ಲ.

ಆ ಮಾತು ನಮ್ಮ ದೇಶಕ್ಕೆ ಬೇಕೇ ಬೇಕು. ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹ ಇದೆ ಎಂದು ಐಸಿಎಂಆರ್–ಇಂಡಿಯಾಬ್ ಅಧ್ಯಯನ 2023ರಲ್ಲಿ ಹೇಳಿತು. ನಮ್ಮ ಊಟದ ಶಕ್ತಿಯಲ್ಲಿ ನೂರಕ್ಕೆ 62ರಷ್ಟು ಪಿಷ್ಟ ಸಕ್ಕರೆಗಳಿಂದಲೇ ಬರುತ್ತದೆ ಎಂಬುದೂ ಅದೇ ಅಧ್ಯಯನದ ಲೆಕ್ಕ. ಬೆಂದ ಅನ್ನ ನೂರು ಗ್ರಾಂ ತಿಂದರೆ 28 ಗ್ರಾಂ ಪಿಷ್ಟ ಹೊಟ್ಟೆಗೆ ಹೋಗುತ್ತದೆ, ಒಬ್ಬೊಬ್ಬರು ಒಂದು ಹೊತ್ತಿಗೆ ಉಣ್ಣುವುದು ಇದರ ಎರಡು ಮೂರು ಪಟ್ಟು. ರಾಗಿ ತಿಂದರೆ ಸಕ್ಕರೆ ಏರುವುದಿಲ್ಲ ಎಂಬ ನಂಬಿಕೆಯಿಂದ ಎರಡು ಮುದ್ದೆ ಇಳಿಸುವ ಹಿರಿಯರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದ ಅಂಶ ಹೆಚ್ಚು, ಅದು ಒಳ್ಳೆಯ ಧಾನ್ಯವೇ. ಆದರೂ ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 67 ಗ್ರಾಂ ಪಿಷ್ಟ ಇದೆ. ಹೀಗಿರುವಾಗ ಧಾನ್ಯ ತಗ್ಗಿಸಿ ಎಂದು ವೈದ್ಯರು ಹೇಳುವುದರಲ್ಲಿ ತಪ್ಪೇನಿಲ್ಲ.

ತೊಂದರೆ ಶುರುವಾಗುವುದು ಅಡುಗೆಮನೆಯಲ್ಲಿ. ನಮ್ಮ ತರಕಾರಿ ಅಡುಗೆ ಹುಟ್ಟಿದ್ದೇ ಧಾನ್ಯದ ಜೊತೆಗೆ. ಸಾರಿಗೆ ಹಾಕುವ ಉಪ್ಪು, ಹುಳಿ, ಖಾರ ಎಲ್ಲವೂ ಅನ್ನಕ್ಕೆ ಕಲಸಿದಾಗ ಹದವಾಗುವ ಅಳತೆಯವು. ಎಣ್ಣೆಗಾಯಿಯ ಮಸಾಲೆ ಜೋಳದ ರೊಟ್ಟಿಯ ಚೂರಿಗೆ ಹತ್ತಿದಾಗ ರುಚಿ, ಬರಿದಾಗಿ ತಿಂದರೆ ನಾಲಿಗೆ ಸುಡುತ್ತದೆ. ಬಸ್ಸಾರಿನ ಜೊತೆಯ ಪಲ್ಯ ಮುದ್ದೆಯ ತುತ್ತುಗಳ ನಡುವೆ ಒಂದೊಂದು ಬೆರಳಿನಷ್ಟು ನೆಂಚಿಕೊಳ್ಳುವುದಕ್ಕೆ ಮಾಡಿದ್ದು. ಅದನ್ನೇ ಬಟ್ಟಲು ತುಂಬ ಕೊಟ್ಟು ಊಟ ಇದೇ ಎಂದರೆ, ತರಕಾರಿ ಇಷ್ಟವಿದ್ದವರೂ ನಾಲ್ಕು ದಿನಕ್ಕೆ ಬೇಸರಪಡುತ್ತಾರೆ. ಧಾನ್ಯ ಹೋದ ಮೇಲೆ ಪಲ್ಯಕ್ಕೆ ಆಸರೆ ಇಲ್ಲ. ಮನೆಯಲ್ಲಿ ಅಡುಗೆ ಮಾಡುವವರಿಗೆ ಈ ಕಷ್ಟ ಮೊದಲ ದಿನವೇ ತಿಳಿಯುತ್ತದೆ. ‘ಅಮ್ಮ, ಅನ್ನ ಇಲ್ಲದೆ ಈ ಪಲ್ಯ ಯಾವುದಕ್ಕೆ ನೆಂಚಿಕೊಳ್ಳಲಿ?’ ಎಂದು ಮಗ ಕೇಳಿದರೆ ಅದನ್ನು ಹಟ ಎಂದು ತಳ್ಳಿಹಾಕಬಾರದು, ಅದು ಅಡುಗೆಯ ಬಗ್ಗೆಯೇ ಕೇಳಿದ ನ್ಯಾಯವಾದ ಪ್ರಶ್ನೆ.

ಇದಕ್ಕೆ ಹೊರಗಿನಿಂದ ಬಂದ ಉತ್ತರ ಹೂಕೋಸಿನ ಅನ್ನ. ಹೂಕೋಸನ್ನು ತುರಿದು, ಬಾಡಿಸಿ, ಅನ್ನದಂತೆ ಬಡಿಸುವುದು. ಕುಂಬಳ ಜಾತಿಯ ಜುಕಿನಿಯನ್ನು ಉದ್ದಕ್ಕೆ ಹೆರೆದು ಶಾವಿಗೆ ಎನ್ನುವುದೂ ಇದೇ ದಾರಿ. ಪಿಷ್ಟದ ಲೆಕ್ಕದಲ್ಲಿ ಇದಕ್ಕೆ ಪೂರ್ತಿ ಅಂಕ ಕೊಡಬಹುದು, ನೂರು ಗ್ರಾಂ ಹೂಕೋಸಿನಲ್ಲಿ ಪಿಷ್ಟ ನಾಲ್ಕೈದು ಗ್ರಾಂ ಮೀರುವುದಿಲ್ಲ. ಆದರೆ ತರಕಾರಿ ಸೇರದವರ ಮುಂದೆ ಇಡಬಹುದಾದ ಅತ್ಯಂತ ತಪ್ಪು ಪದಾರ್ಥ ಇದು. ಅವರಿಗೆ ಆಗದ ವಾಸನೆಯೇ ತಟ್ಟೆ ತುಂಬ ಹರಡಿ ಕೂರುತ್ತದೆ. ಅದರ ಮೇಲೆ ಸಾರು ಸುರಿದರೆ ನೀರು ಬಿಟ್ಟುಕೊಂಡು ಸಪ್ಪೆಯಾಗುತ್ತದೆ. ತರಕಾರಿ ಬೇಡ ಎಂದವರಿಗೆ ಮೊದಲಿಗಿಂತ ಮೂರು ಪಟ್ಟು ತರಕಾರಿ ಬಡಿಸಿದಂತಾಯಿತು.

ಹಾಗಾದರೆ ತರಕಾರಿಯನ್ನೇ ಕೈಬಿಟ್ಟರೆ? ಹಾಗೆ ಮಾಡಿದವರೂ ಇದ್ದಾರೆ, ಅವರ ಕಥೆಯನ್ನು ಗಮನವಿಟ್ಟು ನೋಡಬೇಕು. ಪಿಷ್ಟ ಬಿಡುವ ಪದ್ಧತಿಗೆ ಮೊದಲ ಜನಪ್ರಿಯ ಪುಸ್ತಿಕೆ ಬರೆದದ್ದು ಲಂಡನ್ನಿನ ವಿಲಿಯಂ ಬ್ಯಾಂಟಿಂಗ್, 1863ರಲ್ಲಿ. ಶವಸಂಸ್ಕಾರದ ವ್ಯವಸ್ಥೆ ಮಾಡುವುದು ಅವನ ವೃತ್ತಿ. ವೈದ್ಯ ವಿಲಿಯಂ ಹಾರ್ವಿಯ ಸಲಹೆಯಂತೆ ಬ್ರೆಡ್ಡು, ಸಕ್ಕರೆ, ಬಿಯರು, ಆಲೂಗಡ್ಡೆ ಬಿಟ್ಟು ವರ್ಷವೊಂದರಲ್ಲಿ ಸುಮಾರು 20 ಕಿಲೊ ಇಳಿದ. ಮಾಂಸ, ಮೀನು ಅವನ ಊಟದ ಮುಖ್ಯ ಭಾಗ. ಆದರೂ ಆಲೂಗಡ್ಡೆ ಬಿಟ್ಟು ಉಳಿದ ತರಕಾರಿಗೆ ಅವನ ಪಟ್ಟಿಯಲ್ಲಿ ಜಾಗ ಇತ್ತು. 1972ರಲ್ಲಿ ಅಮೆರಿಕದ ಡಾ. ರಾಬರ್ಟ್ ಆಟ್ಕಿನ್ಸ್ ಬರೆದ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು, ಬೆಣ್ಣೆ ಮಾಂಸಗಳ ಊಟ ಎಂಬ ಹೆಸರೂ ಅದಕ್ಕೆ ಅಂಟಿತು. ಅದೇ ಪದ್ಧತಿಯ 2010ರ ಪುಸ್ತಕದಲ್ಲಿ ಮೊದಲ ಹಂತದ ದಿನಕ್ಕೆ 20 ಗ್ರಾಂ ಪಿಷ್ಟದ ಮಿತಿಯೊಳಗೆ 12ರಿಂದ 15 ಗ್ರಾಂ ತರಕಾರಿಯಿಂದಲೇ ಬರಬೇಕು ಎಂಬ ನಿಯಮ ಇದೆ. ಅಷ್ಟು ಕಟ್ಟುನಿಟ್ಟಿನ ಪದ್ಧತಿಯೂ ತನ್ನ ಅನುಭವದಿಂದ ತರಕಾರಿಯ ಕಡೆಗೇ ವಾಲಿತು.

ಮಾಂಸವೊಂದನ್ನೇ ತಿಂದು ಬದುಕಬಹುದು ಎನ್ನುವವರು ಸಾಕ್ಷಿಗೆ ಕರೆಯುವುದು ಉತ್ತರಧ್ರುವ ಪ್ರದೇಶದ ಅನ್ವೇಷಕ ವಿಲ್ಹ್ಯಾಲ್ಮರ್ ಸ್ಟೆಫಾನ್ಸನ್ ಅವರನ್ನು. ಇನ್ಯುಯಿಟ್ ಜನರ ನಡುವೆ ವರ್ಷಗಟ್ಟಲೆ ಇದ್ದು ಬಂದ ಅವರು 1928ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ವೈದ್ಯರ ಕಣ್ಗಾವಲಿನಲ್ಲಿ, ಕಾರ್ಸ್ಟೆನ್ ಆಂಡರ್ಸನ್ ಎಂಬ ಜೊತೆಗಾರನೊಂದಿಗೆ ಒಂದು ವರ್ಷದ ಮಾಂಸಾಹಾರದ ಪರೀಕ್ಷೆಗೆ ಒಳಗಾದರು. ಸಿ ವಿಟಮಿನ್ ಕೊರತೆಯ ಸ್ಕರ್ವಿ ಕಾಯಿಲೆ ಇಬ್ಬರಿಗೂ ಬರಲಿಲ್ಲ. ಈ ಕಥೆ ಹೇಳುವವರು ಒಂದು ಸಂಗತಿಯನ್ನು ಬಿಟ್ಟುಬಿಡುತ್ತಾರೆ. ಶುರುವಿನಲ್ಲಿ ಕೊಬ್ಬಿಲ್ಲದ ಮಾಂಸವನ್ನಷ್ಟೇ ಕೊಟ್ಟಾಗ ಸ್ಟೆಫಾನ್ಸನ್ ಎರಡು ಮೂರು ದಿನದಲ್ಲೇ ಕಾಯಿಲೆ ಬಿದ್ದರು, ಕೊಬ್ಬು ಸೇರಿಸಿದ ಮೇಲೆ ಚೇತರಿಸಿಕೊಂಡರು. ಅವರ ಊಟದಲ್ಲಿ ಕೊಬ್ಬು, ಪಿತ್ತಜನಕಾಂಗ, ಮೆದುಳು ಎಲ್ಲ ಇತ್ತು. ಇನ್ಯುಯಿಟ್ ಜನ ತಿಮಿಂಗಿಲದ ಚರ್ಮವನ್ನು ಹಸಿಯಾಗಿಯೇ ತಿಂದು ಸಿ ವಿಟಮಿನ್ ಪಡೆಯುತ್ತಿದ್ದರು.

ನಮ್ಮ ಊರುಗಳಲ್ಲಿ ಜಿಮ್ಮಿಗೆ ಹೋಗುವ ಹುಡುಗರು ತಿನ್ನುವುದು ಇದನ್ನಲ್ಲ. ಚರ್ಮ ಸುಲಿದ ಕೋಳಿಯ ಎದೆಭಾಗ, ಹಳದಿ ತೆಗೆದ ಮೊಟ್ಟೆಯ ಬಿಳಿ, ಪ್ರೋಟೀನ್ ಪುಡಿ. ಕೊಬ್ಬಿಲ್ಲ, ನಾರಿಲ್ಲ, ಸಿ ವಿಟಮಿನ್ ಇಲ್ಲ. ಸ್ಟೆಫಾನ್ಸನ್ ಕಾಯಿಲೆ ಬಿದ್ದ ವಾರದ ಊಟವನ್ನೇ ಇವರು ತಿಂಗಳುಗಟ್ಟಲೆ ಉಣ್ಣಲು ಹೊರಟಿದ್ದಾರೆ ಎಂದು ನನಗೆ ಕಳವಳವಾಗುತ್ತದೆ. ಮಾಂಸದಿಂದಲೇ ಪೋಷಣೆ ಪಡೆಯುವ ಹಂಬಲ ಇದ್ದವರು ಲಿವರ್ ಹುರಿದು ತಿನ್ನುವ, ತಲೆಕಾಲು ಸಾರು ಮಾಡುವ, ಬೋಟಿ ಗೊಜ್ಜು ಉಣ್ಣುವ ನಮ್ಮ ಹಳೇ ಮನೆಗಳನ್ನು ನೋಡಿ ಕಲಿಯಬೇಕು. ಆ ಮನೆಗಳಲ್ಲಿ ಮಾಂಸದ ಪಕ್ಕದಲ್ಲಿ ಸೊಪ್ಪೂ ಇರುತ್ತಿತ್ತು.

ತರಕಾರಿ ಇಲ್ಲದೆಯೂ ಲೋ ಕಾರ್ಬ್ ಊಟದಲ್ಲಿ ತೂಕ ಇಳಿಯುತ್ತದೆ, ರಕ್ತದ ಸಕ್ಕರೆಯೂ ಇಳಿಯುತ್ತದೆ. ಇದನ್ನು ಒಪ್ಪಿಕೊಳ್ಳದೆ ವಿಮರ್ಶೆ ಮಾಡಿದರೆ ಅದು ನ್ಯಾಯವಾಗದು. ಬೆಲೆ ತೆರಬೇಕಾದದ್ದು ಬೇರೆ ಕಡೆ. ದಿನಕ್ಕೆ 25 ಗ್ರಾಂ ಆದರೂ ನಾರು ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಮಾಂಸ ಮೊಟ್ಟೆ ಹಾಲಿನಲ್ಲಿ ನಾರು ಇಲ್ಲವೇ ಇಲ್ಲ. ಧಾನ್ಯವೂ ಹೋಗಿ ತರಕಾರಿಯೂ ಹೋದರೆ ಮಲಬದ್ಧತೆ ಬಹಳ ಜನರನ್ನು ಕಾಡುತ್ತದೆ. ಮೊಟ್ಟೆಯಲ್ಲಿ ಬಹುಪಾಲು ಎಲ್ಲ ಪೋಷಕಾಂಶವೂ ಇದ್ದರೂ ಸಿ ವಿಟಮಿನ್ ಇಲ್ಲ. ಪಿಷ್ಟ ಬಿಟ್ಟ ಮೊದಲ ವಾರದಲ್ಲಿ ಇನ್ಸುಲಿನ್ ಇಳಿದು ಮೂತ್ರದಲ್ಲಿ ಉಪ್ಪು ಹೆಚ್ಚು ಹೋಗುವುದರಿಂದ ತಲೆನೋವು, ಸುಸ್ತು ಕಾಣುತ್ತದೆ, ಪೊಟ್ಯಾಸಿಯಂ ಮೆಗ್ನೀಸಿಯಂ ಕೊರತೆ ಇದ್ದರೆ ಅದು ಇನ್ನೂ ಹೆಚ್ಚು. ಬೆಣ್ಣೆ ತುಪ್ಪ ಮಾಂಸದಿಂದಲೇ ಹೊಟ್ಟೆ ತುಂಬಿಸುವ ಕೆಲವರಲ್ಲಿ ಕೆಟ್ಟ ಕೊಲೆಸ್ಟರಾಲ್ ಜೋರಾಗಿ ಏರುತ್ತದೆ.

ತರಕಾರಿ ಸೇರದವರನ್ನು ನಮ್ಮ ಸಮಾಜ ನೋಡುವ ರೀತಿಯಲ್ಲೇ ತಪ್ಪಿದೆ. ಮಕ್ಕಳಾದರೆ ಹಟಮಾರಿ, ದೊಡ್ಡವರಾದರೆ ನಾಲಿಗೆ ಚಪಲ ಎಂದುಬಿಡುತ್ತೇವೆ. 1931ರಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ಪಿಟಿಸಿ ಎಂಬ ಪುಡಿ ಗಾಳಿಗೆ ಹಾರಿತು. ಪಕ್ಕದಲ್ಲಿದ್ದವರಿಗೆ ಅದು ಕಹಿ, ಫಾಕ್ಸ್‌ಗೆ ರುಚಿಯೇ ಇಲ್ಲ. ಕಹಿ ಗ್ರಹಿಸುವ ಶಕ್ತಿ ಹುಟ್ಟಿನಿಂದಲೇ ಒಬ್ಬೊಬ್ಬರಿಗೆ ಒಂದೊಂದು ಎಂಬ ತಿಳಿವಳಿಕೆ ಅಲ್ಲಿಂದ ಬೆಳೆಯಿತು, ಅದರ ಹಿಂದಿನ ಜೀನ್ 2003ರಲ್ಲಿ ಗೊತ್ತಾಯಿತು. ಕೋಸು, ಹೂಕೋಸು, ಸಾಸಿವೆ ಸೊಪ್ಪಿನ ಕುಲದಲ್ಲಿರುವ ಗಂಧಕದ ಸಂಯುಕ್ತಗಳು ಕಹಿಯನ್ನು ಹೆಚ್ಚು ಗ್ರಹಿಸುವ ನಾಲಿಗೆಗೆ ನಿಜಕ್ಕೂ ಕಹಿ. ಇನ್ನು ಕೆಲವರಿಗೆ ಬೆಂಡೆಯ ಲೋಳೆ ಆಗದು, ಕೆಲವರಿಗೆ ಬೀಟ್‌ರೂಟಿನ ಮಣ್ಣುವಾಸನೆ ಆಗದು. ಕೋಸನ್ನು ಹೆಚ್ಚು ಹೊತ್ತು ಬೇಯಿಸಿದಷ್ಟೂ ಗಂಧಕದ ವಾಸನೆ ಹೆಚ್ಚುತ್ತದೆ. ಬೆಳಗ್ಗೆ ಬೇಯಿಸಿ ಮುಚ್ಚಿಟ್ಟ ಕೋಸಿನ ಪಲ್ಯವನ್ನು ಮಧ್ಯಾಹ್ನದ ಹಾಸ್ಟೆಲ್ ಊಟದಲ್ಲಿ ತಿಂದು ಬೆಳೆದ ಮಗು ಜೀವಮಾನವೆಲ್ಲ ಕೋಸು ಬೇಡ ಎಂದರೆ ಅದರ ತಪ್ಪೇನೂ ಇಲ್ಲ. ಅದೇ ಕೋಸನ್ನು ಸಣ್ಣಗೆ ಹೆಚ್ಚಿ ದೊಡ್ಡ ಉರಿಯಲ್ಲಿ ಎರಡು ನಿಮಿಷ ಬಾಡಿಸಿದರೆ ಅದು ಬೇರೆಯೇ ಪದಾರ್ಥ.

ತರಕಾರಿಯನ್ನು ತಟ್ಟೆಯಲ್ಲಿ ಹಿಗ್ಗಿಸುವುದು ಬಿಟ್ಟು ಕುಗ್ಗಿಸುವುದು ಸರಿಯಾದ ದಾರಿ ಎಂಬುದು ನನ್ನ ನಿಲುವು. ಅರೆದು, ಪುಡಿ ಮಾಡಿ, ಮಸೆದು, ಸುಟ್ಟು ಅದರ ಗಾತ್ರ ಇಳಿಸುವ ವಿದ್ಯೆ ನಮ್ಮಲ್ಲಿ ಸಾಕಷ್ಟು ಇದೆ. ಒಂದೆಲಗ ಅಥವಾ ದೊಡ್ಡಪತ್ರೆಯನ್ನು ಜೀರಿಗೆ ಮೆಣಸಿನೊಂದಿಗೆ ಹುರಿದು, ತೆಂಗಿನಕಾಯಿಯ ಜೊತೆ ಅರೆದು, ಮಜ್ಜಿಗೆಯಲ್ಲಿ ಕದಡಿದರೆ ಮಲೆನಾಡಿನ ತಂಬುಳಿ ಆಗುತ್ತದೆ. ಕುಡಿಯುವವರಿಗೆ ಸಿಗುವುದು ಮಜ್ಜಿಗೆಯ ಹುಳಿ, ಮೆಣಸಿನ ಘಾಟು. ಸೊಪ್ಪು ಅಲ್ಲಿ ಅಡಗಿಯೇ ಕೆಲಸ ಮಾಡುತ್ತದೆ. ಬದನೆಯನ್ನು ಕೆಂಡದಲ್ಲಿ ಸುಟ್ಟು, ಸಿಪ್ಪೆ ಸುಲಿದು, ಹಸಿಮೆಣಸು ಬೆಳ್ಳುಳ್ಳಿ ಸೇರಿಸಿ ಮೊಸರಿಗೆ ಕಲಸಿದ ಬಜ್ಜಿಯನ್ನು ಬದನೆ ಕಂಡರಾಗದವರೂ ಚಪ್ಪರಿಸುವುದನ್ನು ನೋಡಿದ್ದೇನೆ. ಹುಳಿ ಹೆಚ್ಚಿರುವ ಪುಂಡಿ ಸೊಪ್ಪಿನ ಪಲ್ಯದಲ್ಲಿ ಕಹಿಗೆ ಎಡೆಯೇ ಇಲ್ಲ. ಉಪ್ಪು ಕಹಿಯನ್ನು ತಗ್ಗಿಸುತ್ತದೆ ಎಂಬುದನ್ನು ವಿಜ್ಞಾನಿಗಳು ಪರೀಕ್ಷಿಸಿ ತೋರಿಸಿದ್ದಾರೆ. ಹಾಗಲಕಾಯಿಗೆ ಉಪ್ಪು ಸವರಿ ಹಿಂಡುವ ಅಜ್ಜಿಯರಿಗೆ ಅದು ಕೈಯಲ್ಲೇ ಗೊತ್ತಿತ್ತು.

ಇವೆಲ್ಲಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಉತ್ತರ ಕರ್ನಾಟಕದ ಹಿಂಡಿ, ಅಂದರೆ ಚಟ್ನಿಪುಡಿಗಳು. ಅಗಸೆ, ಗುರೆಳ್ಳು, ಶೇಂಗಾ. ಅಗಸೆಯ ತೂಕದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ನಾರೇ ಇದೆ, ರಕ್ತಕ್ಕೆ ಸೇರುವ ಪಿಷ್ಟ ತೀರಾ ಕಡಿಮೆ. ಗಟ್ಟಿ ಮೊಸರಿಗೆ ಎರಡು ಚಮಚ ಅಗಸೆ ಹಿಂಡಿ ಕಲಸಿ, ಬೇಯಿಸಿದ ಮೊಟ್ಟೆಯ ಜೊತೆ ತಿಂದರೆ ತರಕಾರಿಯ ವಾಸನೆಯೇ ಇಲ್ಲದೆ ನಾರು ಹೊಟ್ಟೆ ಸೇರಿತು. ಬೇಕಾದಷ್ಟು ನೀರು ಕುಡಿಯಬೇಕು ಅಷ್ಟೆ. ಪಿಷ್ಟವನ್ನು ಬಹುತೇಕ ಬಿಡುವ ಕೀಟೋ ಪದ್ಧತಿಯ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಮಾರುವ ಅಗಸೆ ಬ್ರೆಡ್ಡಿಗಿಂತ ಇದು ಎಷ್ಟೋ ಮೇಲು. ಮಾಂಸ ತಿನ್ನುವವರಿಗೆ ದಾರಿ ಇನ್ನೂ ಸುಲಭ. ಕೊತ್ತಂಬರಿ ಪುದೀನ ಕಟ್ಟುಗಟ್ಟಲೆ ಅರೆದು ಮಾಡುವ ಹಸಿರು ಮಸಾಲೆಯ ಕೋಳಿ, ಮೆಂತ್ಯ ಸೊಪ್ಪು ಬೆರೆಸಿದ ಕೈಮಾ, ಕರಾವಳಿಯವರು ಸೀಗಡಿಯೊಂದಿಗೆ ಮಾಡುವ ಬಸಳೆಯಲ್ಲಿ ಮಾಂಸ ಮೀನಿನ ರುಚಿಯೇ ಮುಂದೆ ನಿಲ್ಲುತ್ತದೆ. ಸಿ ವಿಟಮಿನ್ನಿಗೆ ತರಕಾರಿಯೇ ಆಗಬೇಕೆಂದಿಲ್ಲ. ವಯಸ್ಕ ಗಂಡಸಿಗೆ ದಿನಕ್ಕೆ 80 ಮಿಲಿಗ್ರಾಂ ಬೇಕು, ನೂರು ಗ್ರಾಂ ಸೀಬೆಹಣ್ಣಿನಲ್ಲಿ ಅದರ ಎರಡು ಪಟ್ಟಿಗಿಂತ ಹೆಚ್ಚು ಇದೆ. ಅರ್ಧ ಸೀಬೆ, ಇಲ್ಲವೇ ಒಂದು ನೆಲ್ಲಿಕಾಯಿ ಸಾಕು.

ಸಸ್ಯಾಹಾರಿಯೂ ಆಗಿದ್ದು ತರಕಾರಿಯೂ ಸೇರದವರ ಪಾಡು ಎಲ್ಲಕ್ಕಿಂತ ಕಷ್ಟ. ಬೇಳೆಯನ್ನು ಪ್ರೋಟೀನ್ ಎಂದು ಎಣಿಸುತ್ತೇವೆ, ಒಣ ಬೇಳೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಿಷ್ಟವೇ. ಅವರಿಗೆ ಉಳಿಯುವುದು ಮೊಸರು, ಪನೀರು, ಶೇಂಗಾ, ತೆಂಗಿನಕಾಯಿ, ಎಳ್ಳು ಅಗಸೆಗಳು. ಇಂಥವರಿಗೆ ದಿನಕ್ಕೆ 20 ಗ್ರಾಂ ಪಿಷ್ಟದ ಕೀಟೋ ಹೇಳುವುದು ನನಗೆ ಹೊಣೆಗೇಡಿತನ ಎನಿಸುತ್ತದೆ. ಅಷ್ಟು ಕಟ್ಟುನಿಟ್ಟು ಎಲ್ಲರಿಗೂ ಬೇಕೂ ಇಲ್ಲ. ಇಂಡಿಯಾಬ್ ಅಧ್ಯಯನದ ಮಾಹಿತಿ ಇಟ್ಟುಕೊಂಡು ಲೆಕ್ಕ ಹಾಕಿದ ಸಂಶೋಧಕರು, ಹೊಸದಾಗಿ ಮಧುಮೇಹ ಬಂದವರಲ್ಲಿ ಅದು ಹಿಮ್ಮೆಟ್ಟಬೇಕಾದರೆ ಪಿಷ್ಟದ ಪಾಲು ನೂರಕ್ಕೆ 49–54ರ ಮಟ್ಟಕ್ಕೆ ಇಳಿಯಬೇಕು, ಪ್ರೋಟೀನ್ 20ರ ಹತ್ತಿರ ಏರಬೇಕು ಎಂದು 2022ರಲ್ಲಿ ಅಂದಾಜಿಸಿದರು. ಅದು ಗಣಿತದ ಮಾದರಿಯ ಅಂದಾಜು. ಆದರೂ ನಮ್ಮ ಜನರ ನಿಜವಾದ ಊಟದಿಂದ ಹೊರಟ ಅಂದಾಜು. ಅದರ ಪ್ರಕಾರ ತಟ್ಟೆಯಲ್ಲಿ ಸಣ್ಣ ಮುದ್ದೆಗೆ, ಒಂದು ತೆಳು ರೊಟ್ಟಿಗೆ ಜಾಗ ಉಳಿಯುತ್ತದೆ. ಆ ಒಂದು ರೊಟ್ಟಿ ಉಳಿದರೆ ಪಲ್ಯಕ್ಕೂ ಆಸರೆ ಉಳಿಯಿತು. ತರಕಾರಿ ಸೇರದವರು ನಾಲ್ಕು ತುತ್ತು ಪಲ್ಯ ತಿನ್ನುವುದು ಅದರ ಜೊತೆಗೇ.

ಮಧುಮೇಹದ ಮಾತ್ರೆ ನುಂಗುತ್ತಿರುವವರು ಯಾವ ಬದಲಾವಣೆಗೂ ಮೊದಲು ವೈದ್ಯರಿಗೆ ಹೇಳಲೇಬೇಕು. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತ ಪಿಷ್ಟ ಏಕಾಏಕಿ ಕಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಸಾಧಾರಣವಾಗಿ ಕಂಡರೂ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಬರಬಹುದು. ಮೂತ್ರಪಿಂಡದ ತೊಂದರೆ ಇದ್ದವರಿಗೆ ಪ್ರೋಟೀನಿನ ಮಿತಿ ಬೇರೆಯೇ ಇರುತ್ತದೆ. ಅಡುಗೆ ಮಾಡುವ ಮನೆಯವರಿಗೂ ಇದು ತಿಳಿದಿರಬೇಕು.

ಈಗಿನ ಡಯಟ್ ಚಾರ್ಟುಗಳು ಬಹುಮಟ್ಟಿಗೆ ಒಂದೇ ಅಚ್ಚಿನವು. ಬೆಳಗ್ಗೆ ಓಟ್ಸು, ಮಧ್ಯಾಹ್ನ ಹಸಿರು ಸಲಾಡು ಒಂದು ಬಟ್ಟಲು, ರಾತ್ರಿ ಬ್ರಾಕಲಿ ಸೂಪು. ಬೀದರಿನವರಿಗೂ ಬೆಳ್ತಂಗಡಿಯವರಿಗೂ ಅದೇ ಹಾಳೆ. ಅದನ್ನು ಕೈಗೆ ಕೊಡುವ ಮುನ್ನ ಆಹಾರತಜ್ಞರು ಐದು ನಿಮಿಷ ಕೂತು ಕೇಳಲಿ: ನಿಮಗೆ ಯಾವ ತರಕಾರಿ ಸೇರದು, ಸೇರದಿರುವುದು ಅದರ ಕಹಿಯೋ ಲೋಳೆಯೋ ವಾಸನೆಯೋ, ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ, ಚಿಕ್ಕವರಿದ್ದಾಗ ಯಾವ ಸೊಪ್ಪಿನ ಸಾರನ್ನು ಇಷ್ಟಪಟ್ಟು ಉಂಡಿದ್ದೀರಿ? ಬಂದ ಉತ್ತರದಿಂದ ಚಾರ್ಟು ಬರೆಯಲಿ. ಅದರಲ್ಲಿ ಅಗಸೆ ಹಿಂಡಿಯೂ ತಂಬುಳಿಯೂ ಹೆಸರು ಹಿಡಿದು, ಅಳತೆ ಹಾಕಿ ಬರಲಿ.